ಕೆಫ್ ಎಲ್‌ಎಸ್50 ಮೆಟಾ ಸ್ಪೀಕರ್: ಎಂಟು ವರ್ಷಕ್ಕೊಂದು ಹೆಜ್ಜೆ

ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದ ಕೆಫ್ ಕಂಪನಿಯು ತನ್ನ ಐವತ್ತು ವರ್ಷಗಳ ನೆನಪಿಗೆಂದು ಎಲ್‌ಎಸ್50 ಎಂಬ ಪುಟ್ಟ ಸ್ಪೀಕರ್ ಜೋಡಿಯನ್ನು ಹೊರತಂದದ್ದು 2012ರಲ್ಲಿ. ಅದರ ಮುಂದಿನ ಮಾದರಿಯಾದ ಎಲ್‌ಎಸ್50 ಮೆಟಾ ಬಂದದ್ದು 2020ರಲ್ಲಿ. ಈ ಎಂಟು ವರ್ಷಗಳಲ್ಲಿ ಪೆಟ್ಟಿಗೆಯ ಆಕಾರವಾಗಲಿ ಗಾತ್ರವಾಗಲಿ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಅಮೆರಿಕದಲ್ಲಿ ಜೋಡಿಗೆ ಸುಮಾರು 1,500 ಡಾಲರ್ ಎಂಬ ಬೆಲೆಯೂ ಇದ್ದಲ್ಲೇ ಉಳಿಯಿತು. ಕಂಪನಿ ಹೆಮ್ಮೆಯಿಂದ ಹೇಳಿಕೊಳ್ಳುವ ವ್ಯತ್ಯಾಸವೆಂದರೆ ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಎಂಬ ಭಾಗದ ಹಿಂದೆ ಕೂರಿಸಿರುವ, ಹೊರಗಿನಿಂದ ಕಣ್ಣಿಗೇ ಬೀಳದ ಒಂದು ಬಿಲ್ಲೆ. ವರ್ಷಕ್ಕೊಂದು ಫೋನು ಬದಲಾಯಿಸಿ ಅಭ್ಯಾಸವಾದವರಿಗೆ ಇದು ಹೊಸ ಮಾದರಿಯೆನ್ನಿಸುವುದೇ ಅನುಮಾನ. ಆದರೂ ದುಬಾರಿ ಗೃಹಧ್ವನಿ ಉಪಕರಣಗಳ ಲೋಕದಲ್ಲಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಡೆದಿರುವುದನ್ನು ನೋಡಿದರೆ, ಹೊಸತು ಎಂದು ಕರೆಸಿಕೊಳ್ಳುವ ಯೋಗ್ಯತೆ ಇರುವ ಕೆಲವೇ ಬದಲಾವಣೆಗಳಲ್ಲಿ ಈ ಬಿಲ್ಲೆಯೂ ಒಂದು ಎಂಬುದು ನನ್ನ ಅಭಿಪ್ರಾಯ. ಈ ಸ್ಪೀಕರಿನ ಗುಣದೋಷಗಳ ಜೊತೆಗೆ ಇಡೀ ಉದ್ಯಮದ ನಡಿಗೆ ಇಷ್ಟು ನಿಧಾನವಾದದ್ದು ಏಕೆ ಎಂಬುದನ್ನೂ ಇಲ್ಲಿ ಸೇರಿಸಿಯೇ ನೋಡಬೇಕಾಗಿದೆ. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ.

ಮೊದಲು ವಸ್ತುವಿನ ವಿಚಾರ. ಸುಮಾರು 30 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರ್ ಅಗಲದ ಈ ಪೆಟ್ಟಿಗೆ ಒಂದೊಂದೂ 7.8 ಕಿಲೋ ತೂಗುತ್ತದೆ. ಗಾತ್ರ ನೋಡಿ ಒಂದೇ ಕೈಯಲ್ಲಿ ಎತ್ತಲು ಹೋದವರು ಇನ್ನೊಂದು ಕೈಯನ್ನೂ ಕೊಡಬೇಕಾಗುತ್ತದೆ. ಬೆರಳ ಗಿಣ್ಣಿನಿಂದ ಪಕ್ಕಕ್ಕೆ ತಟ್ಟಿದರೆ ಪೊಳ್ಳು ಸದ್ದು ಬರುವುದಿಲ್ಲ, ಸಣ್ಣದೊಂದು ಮೊಂಡು ಸದ್ದು ಬಂದು ಅಲ್ಲಿಗೇ ನಿಲ್ಲುತ್ತದೆ. ಮುಂಭಾಗ ಚಪ್ಪಟೆಯಾಗಿಲ್ಲ, ನಾಲ್ಕೂ ಕಡೆಗೆ ಬಾಗಿದೆ. ಚೂಪಾದ ಅಂಚುಗಳಿಗೆ ತಗುಲಿ ದನಿ ಚದುರಬಾರದೆಂಬುದು ಇದರ ಉದ್ದೇಶ. ನಡುವೆ ಇರುವುದು ಒಂದೇ ಒಂದು ವೃತ್ತ. ಕೆಳಗಿನ ಸ್ವರಗಳನ್ನು ನುಡಿಸುವ 130 ಮಿಲಿಮೀಟರ್ ವೂಫರಿನ ಒಡಲಿನಲ್ಲಿಯೇ 25 ಮಿಲಿಮೀಟರ್ ಅಲ್ಯುಮಿನಿಯಂ ಟ್ವೀಟರನ್ನು ಕೂರಿಸಲಾಗಿದೆ. ಮುಖಕ್ಕೆ ಮುಚ್ಚುವ ಜಾಲರಿ ಪೆಟ್ಟಿಗೆಯ ಜೊತೆ ಬರುವುದಿಲ್ಲ, ಬೇಕಾದವರು ಬೇರೆಯಾಗಿ ಕೊಳ್ಳಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ಹೊಳೆಯುವ ಕೋನ್ ಕಂಡರೆ ಯಾವ ಮಗುವಿನ ಬೆರಳೂ ಸುಮ್ಮನಿರುವುದಿಲ್ಲ.

ಒಂದರೊಳಗೊಂದು ಕೂರಿಸುವ ಈ ಜೋಡಣೆಗೆ ಕೆಫ್ ಇಟ್ಟಿರುವ ಹೆಸರು ಯೂನಿ-ಕ್ಯೂ. ಕಲ್ಪನೆ ಹೊಸದೇನೂ ಅಲ್ಲ. ಟ್ಯಾನೋಯ್ ಕಂಪನಿ ಇಂಥದೇ ಜೋಡಣೆಯನ್ನು 1947ರಲ್ಲಿಯೇ ತಂದಿತ್ತು. ಆದರೆ ಟ್ವೀಟರನ್ನು ವೂಫರಿನ ಧ್ವನಿಕೇಂದ್ರದಲ್ಲಿಯೇ ಹಿಡಿಸಬೇಕಾದರೆ ಅದರ ಅಯಸ್ಕಾಂತ ಬಹಳ ಚಿಕ್ಕದಾಗಿರಬೇಕು, ಜೊತೆಗೆ ಬಹಳ ಬಲಶಾಲಿಯಾಗಿಯೂ ಇರಬೇಕು. ಅಂಥ ನಿಯೋಡಿಮಿಯಂ ಅಯಸ್ಕಾಂತಗಳು 1980ರ ದಶಕದಲ್ಲಿ ದೊರೆಯತೊಡಗಿದ ಮೇಲೆ, 1988ರಲ್ಲಿ ಕೆಫ್ ಮೊದಲ ಯೂನಿ-ಕ್ಯೂ ಸ್ಪೀಕರುಗಳನ್ನು ತಂದಿತು. ಮೆಟಾದಲ್ಲಿರುವುದು ಅದರ 12ನೆಯ ಪೀಳಿಗೆ. ಕೇಳುಗನಿಗೆ ಇದರಿಂದಾಗುವ ಲಾಭ ಸರಳವಾದದ್ದು: ಮೇಲಿನ ಸ್ವರವೂ ಕೆಳಗಿನ ಸ್ವರವೂ ಒಂದೇ ಬಿಂದುವಿನಿಂದ ಹೊರಡುವುದರಿಂದ ಕುರ್ಚಿಯಲ್ಲಿ ಕೂತರೂ, ನೆಲದ ಮೇಲೆ ಕೂತರೂ, ಸೋಫಾದ ತುದಿಗೆ ಸರಿದರೂ ದನಿಯ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ.

ಇನ್ನು ಆ ಬಿಲ್ಲೆ. ಟ್ವೀಟರ್ ಮುಂದಕ್ಕೆ ಎಷ್ಟು ಸದ್ದು ಮಾಡುತ್ತದೆಯೋ ಹಿಂದಕ್ಕೂ ಅಷ್ಟೇ ಸದ್ದು ಮಾಡುತ್ತದೆ. ಹಿಂದೆ ಹೋದ ಸದ್ದು ಎಲ್ಲಿಯಾದರೂ ಬಡಿದು ಮರಳಿ ಬಂದರೆ ಮುಂದಿನ ದನಿಯನ್ನು ಕೆಡಿಸುತ್ತದೆ. ಇದನ್ನು ತಡೆಯಲು ಉಣ್ಣೆಯನ್ನೋ ಸ್ಪಂಜನ್ನೋ ತುಂಬುವುದು ಮೊದಲಿನಿಂದ ಬಂದ ರೂಢಿ. ಮೆಟಾದಲ್ಲಿ ಅದರ ಜಾಗಕ್ಕೆ ಬಂದಿರುವ ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆಯೊಳಗೆ ಸುರುಳಿ ಸುತ್ತಿದ 30 ಕೊಳವೆಗಳಿವೆ. ಒಂದೊಂದರ ಉದ್ದವೂ ಬೇರೆ ಬೇರೆ, ಹಾಗಾಗಿ ಒಂದೊಂದೂ ಒಂದೊಂದು ಕಂಪನಕ್ಕೆ ಶ್ರುತಿಗೊಂಡು ಅದನ್ನು ನುಂಗಿಬಿಡುತ್ತದೆ. ಹೀಗೆ 620 ಹರ್ಟ್ಜ್‌ನಿಂದ (ಸೆಕೆಂಡಿಗೆ 620 ಕಂಪನ) ಮೇಲೆ, ಹಿಂದಕ್ಕೆ ಹೋದ ಸದ್ದಿನಲ್ಲಿ ಶೇಕಡಾ 99ರಷ್ಟನ್ನು ಬಿಲ್ಲೆ ಹೀರಿಕೊಳ್ಳುತ್ತದೆ ಎಂಬುದು ಕಂಪನಿಯ ಹೇಳಿಕೆ. ಸ್ಪಂಜಿನಂತೆ ಕೇವಲ ವಸ್ತುವಿನ ಗುಣವನ್ನು ನೆಚ್ಚಿಕೊಳ್ಳದೆ ಆಕಾರದ ಲೆಕ್ಕಾಚಾರದಿಂದಲೇ ಸದ್ದನ್ನು ಕೊಲ್ಲುವ ಈ ಬಗೆಯ ರಚನೆಗಳನ್ನು ಮೆಟಾಮೆಟೀರಿಯಲ್ ಎನ್ನುತ್ತಾರೆ. ಸ್ಪೀಕರಿನ ಹೆಸರಿಗೆ ಅಂಟಿಕೊಂಡಿರುವ ಬಾಲ ಅಲ್ಲಿಂದ ಬಂದದ್ದು.

ಕೇಳುವ ವಿಚಾರಕ್ಕೆ ಬರೋಣ. ನಾನು ಇದನ್ನು ಕೇಳಿದ್ದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿರುವಂಥ ಕೋಣೆಯಲ್ಲಿ: ಕೆಳಗೆ ವಿಟ್ರಿಫೈಡ್ ಟೈಲ್ಸ್, ಸುತ್ತ ಕಾಂಕ್ರೀಟ್ ಗೋಡೆ, ಒಂದು ಬದಿಗೆ ಗಾಜಿನ ಜಾರುಬಾಗಿಲು. ಇಂಥ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಅದು ಗೋಡೆಯಿಂದ ಗೋಡೆಗೆ ಓಡಾಡುವುದು ಕೇಳುತ್ತದೆ. ಸ್ಪೀಕರುಗಳ ಮುಂದೆ ದಪ್ಪನೆಯ ಜಮಖಾನ ಹಾಸಿ, ಗಾಜಿನ ಬಾಗಿಲಿಗೆ ಭಾರದ ಪರದೆ ಇಳಿಬಿಟ್ಟು, ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಷ್ಟು ಮುಂದಕ್ಕೆ ಎಳೆದು ಸ್ಟ್ಯಾಂಡಿನ ಮೇಲಿಟ್ಟ ಮೇಲೆಯೇ ಸ್ಪೀಕರಿನ ನಿಜವಾದ ದನಿ ಹೊರಬಂದದ್ದು. ಇದನ್ನು ಪುಸ್ತಕದ ಕಪಾಟಿನೊಳಗೆ ತುರುಕುವ ಯೋಚನೆ ಇದ್ದವರು ಹಣ ಉಳಿಸಿಕೊಂಡು ಬೇರೆ ಸ್ಪೀಕರನ್ನು ನೋಡುವುದೇ ಮೇಲು. ಗಾಳಿಯ ರಂಧ್ರ ಹಿಂಬದಿಯಲ್ಲಿರುವುದರಿಂದ ಗೋಡೆಗೆ ಅಂಟಿಸಿದರೆ ಕೆಳಸ್ವರಗಳು ಊದಿಕೊಳ್ಳುತ್ತವೆ.

ಸ್ಪೀಕರಿನ ಗುಣ ಹಿಡಿಯಲು ತಂಬೂರಿಗಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ ತಂತಿಯ ಅಡಿಗೆ ತೂರಿಸಿದ ದಾರದಿಂದ ಹುಟ್ಟುವ ಆ ಝೇಂಕಾರ ಒಂದೇ ಸ್ವರವಾಗಿ ಉಳಿಯದೆ ಮೇಲುಮೇಲಿನ ಅನುಸ್ವರಗಳ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಟ್ವೀಟರಿನಲ್ಲಿ ಸ್ವಲ್ಪ ಒರಟುತನವಿದ್ದರೂ ಆ ಸಾಲು ಒಂದಕ್ಕೊಂದು ಅಂಟಿ ಬರಿಯ ಝಿಯ್ ಎನ್ನುವ ಸದ್ದಾಗುತ್ತದೆ. ಮೆಟಾದಲ್ಲಿ ಅದು ಬಿಡಿಬಿಡಿಯಾಗಿ ಉಳಿಯುತ್ತದೆ, ಮತ್ತು ಗಾಯಕರ ಹಿಂದೆ ಒಂದು ಗೊತ್ತಾದ ಜಾಗದಲ್ಲಿ ನಿಲ್ಲುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣಗಳಲ್ಲಿ ಟೇಪಿನ ಹಿಸ್ ಇದ್ದೇ ಇರುತ್ತದೆ. ಅನೇಕ ಆಧುನಿಕ ಸ್ಪೀಕರುಗಳು ಆ ಹಿಸ್ಸನ್ನೇ ಮುಂದಕ್ಕೆ ತಳ್ಳಿ ಗಾಯನವನ್ನು ಹಿಂದೆ ಸರಿಸುತ್ತವೆ. ಇಲ್ಲಿ ಹಿಸ್ ತನ್ನ ಪಾಡಿಗೆ ತಾನು ಮೇಲೆಲ್ಲೋ ತೇಲುತ್ತಿರುತ್ತದೆ, ತಾನಿನ ಒಳಗಿನ ಉಸಿರಿನ ತಿರುವು ಸ್ಪಷ್ಟವಾಗಿ ಕೇಳುತ್ತದೆ. ಗಂಗೂಬಾಯಿ ಹಾನಗಲ್ಲರ ಭಾರವಾದ ಕಂಠಕ್ಕೆ ಬೇಕಾದ ಎದೆಯ ತುಂಬು ಕೂಡ ಇಷ್ಟು ಚಿಕ್ಕ ಪೆಟ್ಟಿಗೆಯಿಂದ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿಯೇ ಬಂತು.

ಕರ್ನಾಟಕ ಸಂಗೀತ ಕಛೇರಿಗಳಲ್ಲಿ ಮೃದಂಗ ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಒಡ್ಡುತ್ತದೆ. ಬಲಬದಿಯ ಕರಣೆಯ (ಕಪ್ಪು ಲೇಪದ) ಮೇಲಿನ ಚಾಪು ಎಂಬ ಪೆಟ್ಟು ಪಟ್ಟನೆ ಶುರುವಾಗಿ ಶ್ರುತಿಯಲ್ಲಿ ನಿಲ್ಲಬೇಕು. ಇದನ್ನು ಮೆಟಾ ಅತ್ಯುತ್ತಮವಾಗಿ ನಿಭಾಯಿಸುತ್ತದೆ. ಎಡಬದಿಯ ಗುಮ್ಕಿ ಎಂಬ ಜಾರುವ ಕೆಳಸ್ವರ ಕೆಳಗಿನಿಂದ ಏರಿ ಬರುವಾಗ ಮಾತ್ರ ಅದರ ಬುಡ ಕಾಣೆಯಾಗಿರುವುದು ಗೊತ್ತಾಗುತ್ತದೆ. ಯಕ್ಷಗಾನದ ಧ್ವನಿಮುದ್ರಣದಲ್ಲಿ ಭಾಗವತರ ಏರುಕಂಠವೂ ಜಾಗಟೆಯ ಪೆಟ್ಟೂ ಕಿವಿಗೆ ಚುಚ್ಚದೆ ಬರುತ್ತವೆಯಾದರೂ, ಚೆಂಡೆ ಏರುತ್ತ ಹೋದಂತೆ ವಾಲ್ಯೂಮನ್ನೂ ಏರಿಸಿದರೆ ಒಂದು ಹಂತದಲ್ಲಿ ದನಿ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಡೊಳ್ಳಿನ ವಿಚಾರವನ್ನು ಕೇಳುವುದೇ ಬೇಡ; ಡೊಳ್ಳು ಇದೆ ಎಂಬುದು ತಿಳಿಯುತ್ತದೆ, ಎದೆಗೆ ತಾಕುವುದಿಲ್ಲ.

ಈ ಕೊರತೆಯನ್ನು ತಯಾರಕರ ತಪ್ಪೆಂದು ದೂರುವಂತಿಲ್ಲ. ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಹಾಫ್‌ಮನ್ ಅವರ ಹೆಸರಿನಿಂದಲೇ ಕರೆಯಲಾಗುವ ಒಂದು ನಿಯಮವನ್ನು ಸ್ಪೀಕರ್ ತಯಾರಿಸುವವರೆಲ್ಲ ಬಲ್ಲರು: ಚಿಕ್ಕ ಪೆಟ್ಟಿಗೆ, ಆಳವಾದ ಕೆಳಸ್ವರ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಲೇಬೇಕು. ಕೆಫ್ ಇಲ್ಲಿ ಪೆಟ್ಟಿಗೆಯನ್ನು ಚಿಕ್ಕದಾಗಿಟ್ಟು ಉಳಿದ ಎರಡರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿದೆ. ಕಂಪನಿಯೇ ಕೊಡುವ ಅಂಕಿಗಳ ಪ್ರಕಾರ ದನಿ ಸಮವಾಗಿರುವುದು 79 ಹರ್ಟ್ಜ್‌ವರೆಗೆ ಮಾತ್ರ, 47 ಹರ್ಟ್ಜ್‌ಗೆ ಬರುವಷ್ಟರಲ್ಲಿ ಅದು 6 ಡೆಸಿಬೆಲ್ ಇಳಿದಿರುತ್ತದೆ. ಸಂವೇದನೆ, ಅಂದರೆ ಕೊಟ್ಟಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಎಂಬ ಅಳತೆ, 85 ಡೆಸಿಬೆಲ್. ಬಲವಿಲ್ಲದ ಆಂಪ್ಲಿಫೈಯರಿನಿಂದ ಇದನ್ನು ಓಡಿಸಲು ಹೋಗಬಾರದು. ಕಂಪನಿ ಹೇಳುವ 40ರಿಂದ 100 ವಾಟ್‌ಗಳಲ್ಲಿ ಮೇಲಿನ ತುದಿಗೆ ಹತ್ತಿರವಿರುವುದೇ ಒಳ್ಳೆಯದೆಂಬುದು ನನ್ನ ಅನುಭವ.

ಹಳೆಯ ಎಲ್‌ಎಸ್50 ಜೊತೆ ಹೋಲಿಸಿದರೆ ಹೇಗೆ? ಗೆಳೆಯರೊಬ್ಬರ ಹಳೆಯ ಜೋಡಿಯನ್ನು ತಂದು, ಅದೇ ಸ್ಟ್ಯಾಂಡು, ಅದೇ ಆಂಪ್ಲಿಫೈಯರ್, ಫೋನಿನ ಡೆಸಿಬೆಲ್ ಮೀಟರಿನಲ್ಲಿ ಸಮ ಮಾಡಿಕೊಂಡ ವಾಲ್ಯೂಮ್ ಎಂಬ ಏರ್ಪಾಟಿನಲ್ಲಿ ಕೇಳಿದೆ. ಹಳೆಯದರಲ್ಲಿ ಪಿಟೀಲಿನ ತಾರಸ್ಥಾಯಿಗೆ ಒಂದು ಚೂರು ಮಿಂಚು ಹೆಚ್ಚು, ಕಂಠಕ್ಕೆ ಒಂದು ಚೂರು ಮುನ್ನುಗ್ಗುವ ಸ್ವಭಾವ. ಹೊಸದರಲ್ಲಿ ಅವೆರಡೂ ತಣ್ಣಗಾಗಿವೆ, ತುಂಬ ಹೊತ್ತು ಕೇಳಿದರೂ ಕಿವಿ ದಣಿಯುವುದಿಲ್ಲ. ವ್ಯತ್ಯಾಸ ಇರುವುದು ನಿಜ. ಆದರೆ ಬೇರೆ ಕೋಣೆಯಲ್ಲಿ ಕೂತವರು ಯಾವುದು ಯಾವಾಗ ನುಡಿಯುತ್ತಿದೆಯೆಂದು ಹೇಳಲಾರರು, ಮತ್ತು ಜಮಖಾನ ಹಾಸಿದ್ದರಿಂದ ಆದ ವ್ಯತ್ಯಾಸ ಇದಕ್ಕಿಂತ ಬಹಳ ದೊಡ್ಡದು. ಎಂಟು ವರ್ಷಗಳ ಸಂಶೋಧನೆ ಒಂದು ನೆಲಹಾಸಿನ ಮುಂದೆ ಸಣ್ಣದಾಗಿ ಕಾಣುವ ಈ ಸ್ಥಿತಿ ಇಡೀ ಉದ್ಯಮಕ್ಕೇ ಅನ್ವಯಿಸುವಂಥದ್ದು.

ಹಿಂದೆ ಹೀಗಿರಲಿಲ್ಲ. ಇಂದಿಗೂ ಬಹುಪಾಲು ಸ್ಪೀಕರುಗಳು ಅನುಸರಿಸುವ ಕೋನ್ ಮತ್ತು ಸುರುಳಿಯ ವಿನ್ಯಾಸವನ್ನು ಎಂಜಿನಿಯರುಗಳಾದ ರೈಸ್ ಮತ್ತು ಕೆಲಾಗ್ ಪ್ರಕಟಿಸಿದ್ದು 1925ರಲ್ಲಿ. ಇಂಗ್ಲೆಂಡಿನ ಎಂಜಿನಿಯರ್ ಬ್ಲಮ್ಲೈನ್ ಸ್ಟೀರಿಯೊ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ. ಅಮೆರಿಕದ ವಿಲ್ಚರ್ ಅವರ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್ 1954ರಲ್ಲಿ ಬಂದು, ಆಳದ ಸ್ವರಕ್ಕೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬ ಕಾಲವನ್ನು ಮುಗಿಸಿತು. ಕೋನಿನ ಬದಲು ತೆಳು ಹಾಳೆಯನ್ನು ಕಂಪಿಸುವ ಕ್ವಾಡ್ ಕಂಪನಿಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ 1957ರದು, ಸ್ಟೀರಿಯೊ ಎಲ್‌ಪಿ ಅದರ ಬೆನ್ನಿಗೇ ಬಂತು. ಎಂಜಿನಿಯರುಗಳಾದ ಥೀಲ್ ಮತ್ತು ಸ್ಮಾಲ್ ಅವರ ಲೆಕ್ಕಾಚಾರ 1970ರ ದಶಕದ ಆರಂಭದಲ್ಲಿ ಎಲ್ಲರ ಕೈಗೆ ಸಿಕ್ಕಿ, ಪೆಟ್ಟಿಗೆಯ ಅಳತೆಯನ್ನು ಊಹೆಯಿಂದ ನಿರ್ಧರಿಸುವ ಕಷ್ಟ ತಪ್ಪಿತು. ಅದೇ ದಶಕದಲ್ಲಿ ಕೆಫ್ ಹ್ಯೂಲೆಟ್-ಪ್ಯಾಕರ್ಡ್ ಕಂಪ್ಯೂಟರನ್ನು ತನ್ನ ಪ್ರಯೋಗಾಲಯಕ್ಕೆ ತಂದು ಸ್ಪೀಕರುಗಳನ್ನು ಅಳೆಯತೊಡಗಿತು. 1982ರಲ್ಲಿ ಸಿಡಿ ಬಂತು. ಒಬ್ಬನೇ ಕೇಳುಗ ತನ್ನ ಜೀವಮಾನದಲ್ಲಿ 78 ಆರ್‌ಪಿಎಂ ತಟ್ಟೆಯಿಂದ ಸಿಡಿಯವರೆಗೆ ನಡೆದುಬಂದ ಕಾಲವದು. ಪ್ರತಿ ಹಂತದ ವ್ಯತ್ಯಾಸವನ್ನೂ ಮನೆಯ ಅಜ್ಜಿಯೂ ಗುರುತಿಸಬಲ್ಲವಳಾಗಿದ್ದಳು.

ಆ ಓಟ ನಿಲ್ಲಲು ಸೋಮಾರಿತನ ಕಾರಣವಲ್ಲ. ಮುಖ್ಯ ಕಾರಣ, ಗುರಿ ಯಾವುದೆಂಬುದು ಗೊತ್ತಾಗಿಬಿಟ್ಟಿದೆ, ಕೆಲವು ಕಡೆ ಅದನ್ನು ಮುಟ್ಟಿಯೂ ಆಗಿದೆ. ಸಿಡಿಯ 16 ಬಿಟ್ ಮತ್ತು 44.1 ಕಿಲೋಹರ್ಟ್ಜ್ ಎಂಬ ಧ್ವನಿಮುದ್ರಣದ ಅಳತೆ ಮನುಷ್ಯರ ಶ್ರವಣದ ವ್ಯಾಪ್ತಿಯನ್ನು ಮುಚ್ಚುವಷ್ಟಿದೆ. ಅದಕ್ಕಿಂತ ಮೇಲೆಂದು 1999ರಲ್ಲಿ ಬಂದ ಎಸ್‌ಎಸಿಡಿ ತಟ್ಟೆಯೂ ಮರುವರ್ಷದ ಡಿವಿಡಿ-ಆಡಿಯೊ ತಟ್ಟೆಯೂ ಜನಸಾಮಾನ್ಯರ ಮನೆಗೆ ಹೋಗಲಿಲ್ಲ. 2014ರಲ್ಲಿ ಬಹಳ ಸದ್ದು ಮಾಡಿದ ಎಂಕ್ಯೂಎ ಎಂಬ, ಸಂಗೀತದ ಕಡತಗಳನ್ನು ಕುಗ್ಗಿಸುವ ತಂತ್ರದ ಕಂಪನಿ 2023ರಲ್ಲಿ ದಿವಾಳಿಯ ಅಂಚಿಗೆ ಬಂದು ಕೆನಡಾದ ಲೆನ್‌ಬ್ರೂಕ್ ಕಂಪನಿಯ ಪಾಲಾಯಿತು. ಆಂಪ್ಲಿಫೈಯರುಗಳಲ್ಲಿ ಎಂಜಿನಿಯರ್ ಬ್ರೂನೊ ಪುಟ್ಜೀಸ್ ಮುಂತಾದವರು ಕ್ಲಾಸ್ ಡಿ ಎಂಬ, ವಿದ್ಯುತ್ತನ್ನು ಬಿಸಿಯಾಗಿ ಪೋಲು ಮಾಡದ ವಿನ್ಯಾಸವನ್ನು ತಿದ್ದಿ ತೀಡಿದ್ದರ ಫಲವಾಗಿ, ಒಂದು ಕಾಲಕ್ಕೆ ಕಬ್ಬಿಣದ ಪೆಟ್ಟಿಗೆಯಷ್ಟು ಭಾರವಿದ್ದ ಉಪಕರಣದ ಕೆಲಸವನ್ನು ಅಂಗೈಯಗಲದ ಹಲಗೆಯೊಂದು ಮಾಡುತ್ತದೆ, ಅದೂ ಕಿವಿಗೆ ನಿಲುಕದಷ್ಟು ಕಡಿಮೆ ವಿರೂಪದಲ್ಲಿ. ಒಳ್ಳೆಯ ಸ್ಪೀಕರ್ ಯಾವುದು ಎಂಬ ಪ್ರಶ್ನೆಗೂ 1980ರ ದಶಕದಲ್ಲಿಯೇ ಉತ್ತರ ಸಿಕ್ಕಿದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಸ್ಪೀಕರುಗಳನ್ನು ತೆರೆಯ ಹಿಂದೆ ಇಟ್ಟು ಕೇಳಿಸಿದಾಗ, ನೇರಕ್ಕೆ ಸಮನಾಗಿ, ಪಕ್ಕಕ್ಕೆ ಸರಾಗವಾಗಿ ದನಿ ಬೀರುವ ಸ್ಪೀಕರನ್ನೇ ಕೇಳುಗರು ಮತ್ತೆ ಮತ್ತೆ ಆರಿಸಿದರು. ಬೆಲೆಯ ಚೀಟಿ ಕಾಣದಿದ್ದಾಗ ಬೆಲೆಗೆ ಬೆಲೆಯೇ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ಮೆಟಾದ ಹುಟ್ಟಿನ ಕ್ರಮ ನನಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ. 2012ರ ಎಲ್‌ಎಸ್50 ತನ್ನ ಯೂನಿ-ಕ್ಯೂ ವಿದ್ಯೆಯನ್ನು ಪಡೆದದ್ದು 2011ರಲ್ಲಿ ಬಂದ ಬಲು ದುಬಾರಿಯ ಬ್ಲೇಡ್ ಎಂಬ ಮಾದರಿಯಿಂದ. ಮೇಲಿನಿಂದ ಕೆಳಕ್ಕೆ ಇಳಿಯುವುದು ಆಗಿನ ರೀತಿ. ಶ್ರೀಮಂತರು ಸಂಶೋಧನೆಯ ಖರ್ಚು ಕೊಡುತ್ತಾರೆ, ಫಲ ನಾಲ್ಕು ವರ್ಷ ಕಳೆದು ನಮ್ಮಂಥವರಿಗೆ ಸಿಗುತ್ತದೆ ಎಂಬುದು ದುಬಾರಿ ಆಡಿಯೊ ಲೋಕ ತನ್ನನ್ನು ಸಮರ್ಥಿಸಿಕೊಳ್ಳುತ್ತಿದ್ದ ಮಾತು. ಮೆಟಾಮೆಟೀರಿಯಲ್ ಬಿಲ್ಲೆಯ ವಿಚಾರದಲ್ಲಿ ಗಾಡಿ ತಿರುಗಿ ನಿಂತಿತು. ಅದು ಮೊದಲು ಕಾಣಿಸಿಕೊಂಡದ್ದು 1,500 ಡಾಲರಿನ ಈ ಪುಟ್ಟ ಜೋಡಿಯಲ್ಲಿ. ಕೆಫ್‌ನದೇ ದುಬಾರಿ ಬ್ಲೇಡ್ ಮತ್ತು ರೆಫರೆನ್ಸ್ ಸರಣಿಗಳಿಗೆ ಅದು ಸೇರಿದ್ದು 2022ರಲ್ಲಿ. 2024ರ ಹೊತ್ತಿಗೆ ಅಗ್ಗದ ಕ್ಯೂ ಸರಣಿಗೂ ಬಂತು. ಹೀಗೆ ಸುಮಾರು ಎರಡು ವರ್ಷಗಳ ಕಾಲ, ಹಲವು ಪಟ್ಟು ಹಣ ತೆತ್ತವರ ಸ್ಪೀಕರಿನಲ್ಲಿ ಇಲ್ಲದ ಹೊಸತನ ಕಡಿಮೆ ಹಣ ಕೊಟ್ಟವರ ಸ್ಪೀಕರಿನಲ್ಲಿತ್ತು. ಹೆಚ್ಚು ಹಣಕ್ಕೆ ದೊಡ್ಡ ಪೆಟ್ಟಿಗೆ, ಆಳದ ಸ್ವರ, ಚಂದದ ಮೆರುಗು ದೊರೆಯುತ್ತವೆ. ಹೊಸ ವಿಚಾರ ಸಿಗುತ್ತದೆಂಬ ಭರವಸೆ ಇಲ್ಲ.

ದುಬಾರಿ ಮಾರುಕಟ್ಟೆ ಈಗ ಬಹುಮಟ್ಟಿಗೆ ನೆನಪುಗಳನ್ನು ಮಾರುತ್ತಿದೆ ಎಂದರೆ ಕಟುವಾಗಬಹುದು, ಆದರೆ ಪುರಾವೆಗಳು ಕಣ್ಣ ಮುಂದಿವೆ. 1972ರಲ್ಲಿ ಹುಟ್ಟಿ 2010ರಲ್ಲಿ ತಯಾರಿಕೆ ನಿಂತಿದ್ದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ 2016ರಲ್ಲಿ ಮರುಹುಟ್ಟು ಪಡೆದಾಗ ಅದರ ಜಿ ಮಾದರಿಯ ಬೆಲೆ 4,000 ಡಾಲರ್ ಆಗಿತ್ತು. ಎಲ್‌ಎಸ್50ರ ಪೂರ್ವಜನೆನಿಸಿದ, 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪಿಸಿದ ಎಲ್‌ಎಸ್3/5ಎ ಎಂಬ ಸ್ಪೀಕರನ್ನು ಇಂದಿಗೂ ಮೂಲದಂತೆಯೇ ತಯಾರಿಸಿ, ಮೆಟಾಕ್ಕಿಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ, ಕೊಳ್ಳುವವರೂ ಇದ್ದಾರೆ. ಅದರ ವೂಫರ್ ಮತ್ತು ಟ್ವೀಟರುಗಳನ್ನು ಅಂದು ಒದಗಿಸಿದ್ದು ಇದೇ ಕೆಫ್. ಬಂಡವಾಳದ ನೋಟವೂ ಹೆಚ್ಚು ಬೇರೆಯಿಲ್ಲ. ಬೋವರ್ಸ್ ಅಂಡ್ ವಿಲ್ಕಿನ್ಸ್, ಡೆನಾನ್, ಮರಾಂಟ್ಸ್ ಮುಂತಾದ ಹೆಸರುಗಳನ್ನು ಹೊಂದಿದ್ದ ಸೌಂಡ್ ಯುನೈಟೆಡ್ ಸಮೂಹವನ್ನು ವೈದ್ಯಕೀಯ ಉಪಕರಣಗಳ ಕಂಪನಿ ಮ್ಯಾಸಿಮೊ 2022ರಲ್ಲಿ ಸುಮಾರು 100 ಕೋಟಿ ಡಾಲರಿಗೆ ಕೊಂಡಿತು. 2025ರಲ್ಲಿ ಅದನ್ನು ಸ್ಯಾಮ್‌ಸಂಗ್ ಒಡೆತನದ ಹರ್ಮನ್‌ಗೆ ಮಾರಲು ಒಪ್ಪಂದವಾದದ್ದು 35 ಕೋಟಿ ಡಾಲರಿಗೆ.

ಹೊಸತನ ಪೂರ್ತಿ ಬತ್ತಿಹೋಗಿಲ್ಲ, ಪೆಟ್ಟಿಗೆಯೊಳಗಿನ ಚಿಪ್ಪಿಗೆ ವಲಸೆ ಹೋಗಿದೆ. ಇದೇ ಎಲ್‌ಎಸ್50ರ ವೈರ್‌ಲೆಸ್ 2 ಮಾದರಿಯಲ್ಲಿ ಆಂಪ್ಲಿಫೈಯರುಗಳು ಒಳಗೇ ಇವೆ, ವೂಫರಿಗೂ ಟ್ವೀಟರಿಗೂ ಬೇರೆ ಬೇರೆಯಾಗಿ. ಗೋಡೆಯಿಂದ ಎಷ್ಟು ದೂರವಿಟ್ಟಿದ್ದೀರಿ ಎಂಬುದನ್ನು ಆ್ಯಪ್‌ನಲ್ಲಿ ತಿಳಿಸಿದರೆ ಕೆಳಸ್ವರವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ. 2022ರ ಎಲ್‌ಎಸ್60 ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ, ಅಂಗೈಯಗಲದ ಕಂಬದಿಂದ ಅಚ್ಚರಿಯೆನಿಸುವಷ್ಟು ಆಳದ ಸ್ವರ ಹೊರಡಿಸುತ್ತದೆ. ಹಾಫ್‌ಮನ್ ನಿಯಮವನ್ನು ಯಾರೂ ಮುರಿದಿಲ್ಲ. ವಿದ್ಯುತ್ತು ಅಗ್ಗವಾದ್ದರಿಂದ ಅದರ ದಂಡವನ್ನು ಕಟ್ಟುವುದು ಸುಲಭವಾಗಿದೆ. ಆದರೆ ನನ್ನ ಒಂದು ಹಿಂಜರಿಕೆಯನ್ನು ಹೇಳಲೇಬೇಕು. ತಂತಿಯಿಂದ ಜೋಡಿಸುವ ಸಾಮಾನ್ಯ ಸ್ಪೀಕರ್ ನಲವತ್ತು ವರ್ಷ ಕಳೆದರೂ ಯಾವ ಆಂಪ್ಲಿಫೈಯರಿಗೆ ಹಾಕಿದರೂ ನುಡಿಯುತ್ತದೆ. ಆ್ಯಪ್‌ಗೆ ಕಟ್ಟಿಹಾಕಿದ ಸ್ಪೀಕರಿನ ಆಯಸ್ಸು ಸಾಫ್ಟ್‌ವೇರ್ ಒದಗಿಸುವವರ ಮರ್ಜಿಯಲ್ಲಿರುತ್ತದೆ. ಮೆಟಾದ ಹಿಂಬದಿಯಲ್ಲಿರುವ ಎರಡೇ ಎರಡು ಟರ್ಮಿನಲ್‌ಗಳನ್ನು ನೋಡಿದಾಗ ನನಗಾಗುವ ನೆಮ್ಮದಿಗೆ ಇದೂ ಒಂದು ಕಾರಣ.

ಕೊಳ್ಳುವ ಮಾತು. ಆಮದಿನ ಸುಂಕ, ತೆರಿಗೆ, ವಿತರಕರ ಲಾಭ ಎಲ್ಲ ಸೇರಿ ನಮ್ಮಲ್ಲಿ ಬೆಲೆ ಡಾಲರಿನ ಲೆಕ್ಕಕ್ಕಿಂತ ಹೆಚ್ಚೇ ಇರುತ್ತದೆ. ಹಾಗಿದ್ದರೂ ನೂರೈವತ್ತು ಇನ್ನೂರು ಚದರಡಿಯ ಕೋಣೆಯಲ್ಲಿ ಗಾಯನ, ವೀಣೆ, ಪಿಟೀಲು ಕೇಳುವವರಿಗೆ ಇದಕ್ಕಿಂತ ದುಬಾರಿ ಸ್ಪೀಕರ್ ತೆಗೆದುಕೊಳ್ಳಲು ನನಗೆ ಕಾರಣಗಳು ಕಾಣುತ್ತಿಲ್ಲ. ಹಾಲ್ ದೊಡ್ಡದಿದ್ದು ಸಿನಿಮಾ ನೋಡುವುದೇ ಮುಖ್ಯವಾಗಿದ್ದರೆ ಇದು ಸಾಲದು, ನೆಲದ ಮೇಲೆ ನಿಲ್ಲುವ ಜೋಡಿಗೇ ಹೋಗಬೇಕು. ಹಳೆಯ ಎಲ್‌ಎಸ್50 ಮನೆಯಲ್ಲಿ ಇರುವವರು ಅದನ್ನು ಕೊಟ್ಟು ಇದನ್ನು ತರುವ ಅಗತ್ಯವಿಲ್ಲ. ಅದೇ ಹಣಕ್ಕೆ ಸಾಧಾರಣವಾದರೂ ಸರಿ, ಒಂದು ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್ ತಂದು, 80 ಹರ್ಟ್ಜ್‌ನ ಕೆಳಗಿನ ಕೆಲಸವನ್ನು ಅದಕ್ಕೆ ಒಪ್ಪಿಸಿದರೆ ಪುಟ್ಟ ವೂಫರಿನ ಹೆಗಲ ಮೇಲಿನ ಭಾರ ಇಳಿಯುತ್ತದೆ, ಚೆಂಡೆ ಏರಿದಾಗ ದನಿ ಬಿಗಿದುಕೊಳ್ಳುವುದೂ ಬಹಳಷ್ಟು ತಪ್ಪುತ್ತದೆ. ಸಬ್‌ವೂಫರನ್ನು ಕೋಣೆಯ ಮೂಲೆಗೆ ಒತ್ತಿ ಇಡಬೇಡಿ, ಮತ್ತು ಅಪಾರ್ಟ್‌ಮೆಂಟಾದರೆ ಅದರ ಅಡಿಗೆ ದಪ್ಪನೆಯ ರಬ್ಬರ್ ಹಾಸು ಹಾಕಿ. ಕೆಳಮನೆಯವರು ಮೃದಂಗದ ಎಡಬದಿಯನ್ನು ಮಾತ್ರ ಕೇಳಿ ಇಡೀ ಕಛೇರಿಯ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುವಂತಾಗಬಾರದು.